ಅಡಿಕೆ ಸುಲಿಯುವ ಚಪ್ಪರದಲ್ಲಿ ವಿಜ್ಞಾನ: ಊರವರಿಗೆ ಹೇಳುವುದು ಹೇಗೆ?

ಪಿಯು ಕಾಲೇಜಿನ ಜೀವಶಾಸ್ತ್ರದ ಮೇಷ್ಟ್ರು, ಆರೋಗ್ಯ ಕೇಂದ್ರದ ಡಾಕ್ಟರು, ಕೃಷಿ ಕಾಲೇಜಿನಲ್ಲಿ ಓದುತ್ತಿರುವ ಊರಿನ ಹುಡುಗಿ. ಇವರಲ್ಲಿ ಯಾರಿಗಾದರೂ ಒಂದು ದಿನ ಫೋನ್ ಬರುತ್ತದೆ: 'ನಮ್ಮೂರಲ್ಲಿ ಮಂಗನ ಕಾಯಿಲೆ ಬಗ್ಗೆ ಸ್ವಲ್ಪ ಮಾತಾಡಿ ಮಾರಾಯ್ರೇ.' ಒಪ್ಪಿಕೊಳ್ಳುತ್ತಾರೆ. ರಾತ್ರಿಯೆಲ್ಲ ಕೂತು ಸ್ಲೈಡ್ ಮಾಡುತ್ತಾರೆ. ಊರು ಮುಟ್ಟುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಗುತ್ತದೆ. ಹಾಗಾಗಿ ಈ ಲೇಖನದಲ್ಲಿ ಸ್ಲೈಡಿನ ಮಾತೇ ಇಲ್ಲ. ಒಂದು ಬಿಳಿ ಪಂಚೆ, ಒಂದು ಕಂಬಳಿ, ಒಂದು ಹಿಡಿ ಕರಿ ಎಳ್ಳು ಸಾಕು.

ಹಂತ 1: ಕೇಳಿದವರು ನಾಳೆ ಏನು ಮಾಡಬೇಕು?

ಇದನ್ನು ಮೊದಲು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದದ್ದು, ಆ ಕಾಡಿನ ಹೆಸರೇ ವೈರಸ್ಸಿಗೆ ಬಂದದ್ದು, ಡೆಂಗಿ ವೈರಸ್ಸಿಗೂ ಇದಕ್ಕೂ ಇರುವ ನೆಂಟಸ್ತನ, ಎಲ್ಲ ಹೇಳಬೇಕು ಅನ್ನಿಸುತ್ತದೆ. ತಡೆದುಕೊಳ್ಳಿ. ಹಾಳೆಯಲ್ಲಿ ಇರಬೇಕಾದ್ದು ಇಷ್ಟೇ: ಈ ಕಾಯಿಲೆ ಹರಡುವ ಉಣುಗು (ಉಣ್ಣೆ) ಹತ್ತಿರ ಬಾರದಂತೆ, ಕಾಡಿಗೆ ಹೋಗುವ ಮುಂಚೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಕೈಕಾಲಿಗೆ ಹಚ್ಚಿಕೊಳ್ಳುವುದು. ಬಂದ ಮೇಲೆ ಮೈಯೆಲ್ಲ ನೋಡಿಕೊಂಡು, ಸೋಪು ಹಾಕಿ ಬಿಸಿನೀರು ಸ್ನಾನ ಮಾಡುವುದು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆಶಾ ಕಾರ್ಯಕರ್ತೆಗೆ ಸುದ್ದಿ ಮುಟ್ಟಿಸುವುದು. ಕಾಡಿಗೆ ಹೋಗಿಬಂದ ಒಂದು ವಾರದ ಆಸುಪಾಸಿನಲ್ಲಿ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಆಸ್ಪತ್ರೆಗೆ ಹೋಗುವುದು, ಹೋದಾಗ 'ಕಾಡಿಗೆ ಹೋಗಿದ್ದೆ' ಅಂತ ಮರೆಯದೆ ಹೇಳುವುದು.

'ಕಾಡಿಗೆ ಹೋಗಬೇಡಿ' ಎಂಬ ಸಲಹೆ ಈ ಪಟ್ಟಿಯಲ್ಲಿ ಇಲ್ಲ, ನೋಡಿ. ಬೇಕಂತಲೇ ಬಿಟ್ಟಿದ್ದೇನೆ. ಕಾಯಿಲೆ ಜೋರಾಗುವುದು ಡಿಸೆಂಬರಿನಿಂದ ಮೇವರೆಗೆ. ದರಗು (ಕಾಡಿನ ಒಣ ಎಲೆ) ಗುಡಿಸುವುದು, ಕಟ್ಟಿಗೆ ಕೂಡಿಡುವುದು ಅದೇ ತಿಂಗಳುಗಳಲ್ಲಿ. ಮಳೆ ಹಿಡಿಯುವುದರೊಳಗೆ ಅವೆಲ್ಲ ಮನೆ ಸೇರಬೇಕು. ಪಾಲಿಸಲು ಆಗದ ಸಲಹೆ ಕೊಟ್ಟರೆ, ಪಾಲಿಸಬಹುದಾದ ನಾಲ್ಕು ಮಾತಿನ ಮೇಲೂ ನಂಬಿಕೆ ಹೋಗುತ್ತದೆ.

ಹಂತ 2: ಜನ ಇರುವಲ್ಲಿಗೆ ಹೋಗಿ

ಸಮುದಾಯ ಭವನಕ್ಕೆ ಜನ ಬರಲಿಲ್ಲ ಅಂತ ದೂರುವುದು ಬೇಡ. ಕೊಯ್ಲಿನ ಕಾಲದಲ್ಲಿ ಸಂಜೆಯಾದರೆ ಅಡಿಕೆ ಸುಲಿಯುವ ಚಪ್ಪರದಲ್ಲಿ ಎಲ್ಲರೂ ಸಿಗುತ್ತಾರೆ. ಮೆಟ್ಟುಗತ್ತಿಯ ಮೇಲೆ ಕೈ ಓಡುತ್ತಿರುತ್ತದೆ, ಕಿವಿ ಖಾಲಿ ಇರುತ್ತದೆ. ದರಗಿಗೆ ಹೋಗುವ ಹೆಂಗಸರು ಅಲ್ಲೇ ಇರುತ್ತಾರೆ. ಸಭೆ ಕರೆದರೆ ಬರುವವರು ಅವರ ಮನೆಯ ಗಂಡಸರು! ಕಾಯಿಲೆಯ ಕಾಲ ಶುರುವಾಗುವುದೂ ಕೊಯ್ಲಿನ ಹೊತ್ತಿಗೇ ಆದ್ದರಿಂದ ಸಮಯವೂ ಸರಿಹೊಂದುತ್ತದೆ.

ಹಂತ 3: ಅವರಿಗೆ ಗೊತ್ತಿರುವ ವಿಜ್ಞಾನದಿಂದ ಶುರು ಮಾಡಿ

'ಹಳ್ಳಿಯವರಿಗೆ ಏನೂ ಗೊತ್ತಿಲ್ಲ' ಅಂದುಕೊಂಡು ಹೋದವರ ಮುಖ ನೋಡಿದರೆ ಜನರಿಗೆ ಗೊತ್ತಾಗುತ್ತದೆ. ನಿಜ ಹೇಳಬೇಕೆಂದರೆ, ತೋಟ ಇರುವ ಪ್ರತಿ ಮನೆಯಲ್ಲೂ ಮಳೆಗಾಲಕ್ಕೊಮ್ಮೆ ರಸಾಯನಶಾಸ್ತ್ರದ ಪ್ರಯೋಗ ನಡೆಯುತ್ತದೆ. ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣವನ್ನೇ ನೋಡಿ. ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಬೆರೆಸಿದ ಮೇಲೆ ಹೊಳೆಯುವ ಕಬ್ಬಿಣದ ಕತ್ತಿ ಅದ್ದಿ ನೋಡುತ್ತಾರೆ. ಅಲಗಿನ ಮೇಲೆ ಕೆಂಪು ಬಣ್ಣ ಕೂತರೆ ಸುಣ್ಣ ಸಾಲದು ಅಂತ ಲೆಕ್ಕ. ಆ ಕೆಂಪು ಅಂದರೆ ತಾಮ್ರ. ಸುಣ್ಣಕ್ಕೆ ಸಿಕ್ಕದೆ ಉಳಿದ ತಾಮ್ರ ನೀರಿನಿಂದ ಬಂದು ಕಬ್ಬಿಣದ ಮೇಲೆ ಕೂರುತ್ತದೆ. ಹಾಗೇ ಹೊಡೆದರೆ ಎಳೆ ಕಾಯಿ, ಎಲೆ ಸುಡುತ್ತದೆ.

'ಕತ್ತಿ ಯಾಕೆ ಕೆಂಪಾಗುತ್ತೆ ಗೌಡ್ರೇ?' ಅಂತ ಕೇಳಿ ಕೂತುಬಿಡಿ. ಮಾತು ಅವರೇ ಶುರು ಮಾಡುತ್ತಾರೆ. ಅನುಮಾನ ಬಂದರೆ ಪರೀಕ್ಷೆ ಮಾಡಿ ನೋಡುವ ಅಭ್ಯಾಸ ಅವರಿಗೆ ಮೊದಲೇ ಇದೆ. ಅಲ್ಲಿಂದ ಉಣುಗಿನ ಕಡೆಗೆ ಹೊರಳುವುದು ಕಷ್ಟವಲ್ಲ.

ಹಂತ 4: ಕಣ್ಣಿಗೆ ಕಾಣಿಸಿ

ಮಂಗನ ಕಾಯಿಲೆ ಹರಡುವುದು ಉಣುಗಿನಿಂದ. ಮನುಷ್ಯರಿಗೆ ಜಾಸ್ತಿ ಕಚ್ಚುವುದು ಅದರ ಮರಿಗಳು. ಹಸುವಿನ ಕಿವಿಯಲ್ಲಿ ರಕ್ತ ಕುಡಿದು ಊದಿಕೊಂಡ ದೊಡ್ಡ ಉಣುಗು ಎಲ್ಲರಿಗೂ ಗೊತ್ತು. ಮರಿ ಎಳ್ಳು ಕಾಳಿಗಿಂತ ಚಿಕ್ಕದು. ಇದನ್ನು ಬಾಯಲ್ಲಿ ಹೇಳಿದರೆ ತಲೆ ಆಡಿಸುತ್ತಾರೆ, ಮರೆಯುತ್ತಾರೆ.

ಅದಕ್ಕೇ ಎಳ್ಳು. ಬಿಳಿ ಪಂಚೆ ಹಾಸಿ, ಪಕ್ಕದಲ್ಲಿ ಕಂಬಳಿ ಹಾಸಿ. ಎರಡರ ಮೇಲೂ ಹತ್ತತ್ತು ಕರಿ ಎಳ್ಳು ಚೆಲ್ಲಿ. ಇಬ್ಬರು ಮಕ್ಕಳನ್ನು ಕರೆದು ಹುಡುಕಿ ತೆಗೆಯಲು ಹೇಳಿ. ಪಂಚೆಯ ಮೇಲಿನದು ಕ್ಷಣದಲ್ಲಿ ಮುಗಿಯುತ್ತದೆ. ಕಂಬಳಿಯ ಮೇಲೆ ಹುಡುಗ ಬಗ್ಗಿ, ಮೂಗು ತಾಗಿಸಿ, ಕೈಯಾಡಿಸುತ್ತಲೇ ಇರುತ್ತಾನೆ. ಸುತ್ತ ಕೂತವರು 'ಅಲ್ಲೊಂದಿದೆ, ಇಲ್ಲಿ ನೋಡೋ' ಅನ್ನಲು ಶುರು ಮಾಡುತ್ತಾರೆ. ಆಗ ಹೇಳಿ: ದರಗಿಗೆ ಹೋಗುವಾಗ ಉದ್ದ ತೋಳಿನ, ತಿಳಿ ಬಣ್ಣದ ಬಟ್ಟೆ ಹಾಕಿಕೊಳ್ಳಿ ಅನ್ನುವುದು ಇದಕ್ಕೇ.

ಇದರ ಬೆನ್ನಿಗೇ ಸಂಶೋಧಕರು ಉಣುಗು ಹಿಡಿಯುವ ರೀತಿಯನ್ನೂ ಹೇಳಿಬಿಡಿ. ಅವರೂ ಕಾಡಿನ ನೆಲದ ಮೇಲೆ ಬಿಳಿ ಬಟ್ಟೆ ಎಳೆಯುತ್ತಾ ಹೋಗುತ್ತಾರೆ. ಅಂಟಿದ ಉಣುಗುಗಳನ್ನು ಎಣಿಸಿ, ಲ್ಯಾಬಿನಲ್ಲಿ ವೈರಸ್ ಇದೆಯಾ ಅಂತ ನೋಡುತ್ತಾರೆ. 'ವಿಜ್ಞಾನಿಗಳು ಹೇಳಿದ್ದಾರೆ' ಅನ್ನುವುದಕ್ಕಿಂತ ಈ ಬಟ್ಟೆಯ ಕತೆ ಜಾಸ್ತಿ ಕೆಲಸ ಮಾಡುತ್ತದೆ.

ಹಂತ 5: ಗಾಳಿಸುದ್ದಿಗೆ ಕಾರಣ ಕೊಟ್ಟು ಉತ್ತರಿಸಿ

ವಾಟ್ಸ್‌ಆ್ಯಪ್‌ನಲ್ಲಿ ಬಂದ ಸುಳ್ಳನ್ನು ಮತ್ತೆ ಮತ್ತೆ ಹೇಳಿ 'ಇದು ಸುಳ್ಳು' ಅಂದರೆ, ಜನರ ತಲೆಯಲ್ಲಿ ಉಳಿಯುವುದು ಸುಳ್ಳೇ. ನಿಜ ಮೊದಲು ಹೇಳಿ. ಸುಳ್ಳಿನ ಹೆಸರು ಒಂದೇ ಸಲ ಎತ್ತಿ.

ಮಂಗಗಳನ್ನು ಹೊಡೆದು ಹಾಕಿದರೆ ಕಾಯಿಲೆ ಹೋಗುತ್ತದೆ ಎಂಬ ಮಾತು ಬಂತು ಅಂದುಕೊಳ್ಳಿ. ಪಾಪ, ಮಂಗವೂ ಈ ಕಾಯಿಲೆಯ ರೋಗಿಯೇ. ಅದು ಸತ್ತು ಮೈ ತಣ್ಣಗಾದ ಮೇಲೆ ಉಣುಗುಗಳು ಉದುರಿ, ಅದೇ ಜಾಗದಲ್ಲಿ ಮುಂದಿನ ಪ್ರಾಣಿಗಾಗಿ ಕಾಯುತ್ತವೆ. ಸತ್ತ ಮಂಗದ ಸುತ್ತಲಿನ ನೆಲವೇ ಅಪಾಯದ ಜಾಗ. ಇಷ್ಟು ಅರ್ಥವಾದರೆ 'ಹತ್ತಿರ ಹೋಗಬೇಡಿ, ಸುದ್ದಿ ಮುಟ್ಟಿಸಿ' ಅನ್ನುವುದನ್ನು ಬೇರೆ ಹೇಳಬೇಕಾಗಿಲ್ಲ. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ ಎಂಬುದನ್ನು ಮಾತ್ರ ಎರಡು ಸಲ ಹೇಳಿ. ಜ್ವರ ಬಂದ ಮನೆಗೆ ನೆಂಟರು ಬರುವುದು ನಿಂತರೆ, ಮುಂದಿನ ಮನೆಯವರು ಜ್ವರವನ್ನೇ ಮುಚ್ಚಿಡುತ್ತಾರೆ.

ಹಂತ 6: ಅಂಕಿಗಳನ್ನು ಊರಿನ ಅಳತೆಗೆ ತನ್ನಿ

'ಮರಣ ಪ್ರಮಾಣ ಶೇಕಡಾ 3ರಿಂದ 5' ಅನ್ನುವ ಬದಲು 'ಕಾಯಿಲೆ ಬಂದ 100 ಜನರಲ್ಲಿ 3ರಿಂದ 5 ಜನ ಸಾಯಬಹುದು, ಉಳಿದವರು ಗುಣವಾಗುತ್ತಾರೆ' ಅನ್ನಿ. ಎರಡೂ ಭಾಗ ಹೇಳಬೇಕು. ಮಳೆಯ ಮಾತು ಬಂದರೆ ಮಿಲಿಮೀಟರ್ ಬೇಡ. ನಮ್ಮಲ್ಲಿ ಲೆಕ್ಕ ಇಡುವುದು ಇಂಚಿನಲ್ಲಿ. 100 ಮಿಲಿಮೀಟರ್ ಅಂದರೆ ಸುಮಾರು ನಾಲ್ಕು ಇಂಚು, ಒಂದು ಎಕರೆಯ ಮೇಲೆ ನಾಲ್ಕು ಲಕ್ಷ ಲೀಟರ್ ನೀರು.

ಹಂತ 7: ವಿಜ್ಞಾನ ಮಾತು ಬದಲಿಸಿದ್ದನ್ನು ನೀವೇ ಮೊದಲು ಹೇಳಿ

'ಮೊದಲು ಸೂಜಿ ಹಾಕ್ತಿದ್ರಲ್ಲ, ಈಗ್ಯಾಕಿಲ್ಲ?' ಈ ಪ್ರಶ್ನೆ ಬಂದೇ ಬರುತ್ತದೆ. ಹಳೆಯ ಅಧ್ಯಯನಗಳಲ್ಲಿ ಆ ಲಸಿಕೆಯಿಂದ ರಕ್ಷಣೆ ಕಂಡಿತ್ತು. ಆಮೇಲೆ ನೋಡಿದಾಗ ಅದು ಸಾಲದು ಅನ್ನಿಸಿತು. 2022ರಲ್ಲಿ ನಿಲ್ಲಿಸಿದರು. ಹೊಸ ಲಸಿಕೆಗೆ ಕೆಲಸ ನಡೆದಿದೆ. ನಾಲ್ಕೇ ವಾಕ್ಯ. ಇದನ್ನು ಅವರು ಕೇಳುವ ಮುಂಚೆ ಹೇಳಿದರೆ ಲೆಕ್ಕ ಒಪ್ಪಿಸಿದಂತೆ, ಕೇಳಿದ ಮೇಲೆ ಹೇಳಿದರೆ ಸಿಕ್ಕಿಬಿದ್ದಂತೆ.

ಹಂತ 8: ಅಡಿಕೆ ಪ್ರಶ್ನೆಗೆ ತಯಾರಾಗಿ ಹೋಗಿ

ಮಲೆನಾಡಿನಲ್ಲಿ ವಿಜ್ಞಾನ ಮಾತಾಡುವವರಿಗೆ ಎಲ್ಲಕ್ಕಿಂತ ಕಷ್ಟದ್ದು ಇದು. ಉಣುಗಿನ ಮಾತು ಮುಗಿಸಿ ಏಳುವಾಗ ಯಾರೋ ಕೇಳುತ್ತಾರೆ: 'ಅಡಿಕೆಯಿಂದ ಕ್ಯಾನ್ಸರ್ ಬರುತ್ತೆ ಅಂತಾರಲ್ಲ ಸಾರ್, ಹೌದಾ?' ಸುತ್ತ ಕೂತವರೆಲ್ಲ ಅಡಿಕೆ ಮಾರಿ ಮಕ್ಕಳ ಫೀಸು ಕಟ್ಟುವವರು. 'ಅಯ್ಯೋ, ಅದೆಲ್ಲ ಸುಮ್ನೆ' ಅಂದುಬಿಟ್ಟರೆ ಚಪ್ಪಾಳೆ ಬೀಳುತ್ತದೆ. ಹಾಗೆ ಅನ್ನಬೇಡಿ. ಹೆದರಿಸಲೂಬೇಡಿ.

ಬಿಡಿಸಿ ಹೇಳಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1985ರಲ್ಲಿ ತಂಬಾಕು ಸೇರಿದ ಎಲೆಯಡಿಕೆಯ ಬಗ್ಗೆ ಮಾತ್ರ ಖಚಿತವಾಗಿ ಹೇಳಿತ್ತು. 2004ರ ವರದಿಯಲ್ಲಿ ತಂಬಾಕಿಲ್ಲದ ಎಲೆಯಡಿಕೆಯನ್ನೂ, ಅಡಿಕೆಯನ್ನೂ ಗುಂಪು 1ಕ್ಕೆ ಸೇರಿಸಿತು. ಗುಂಪು 1 ಅಂದರೆ ಕ್ಯಾನ್ಸರ್ ಬರಿಸಬಲ್ಲದು ಎಂಬುದಕ್ಕೆ ಸಾಕ್ಷ್ಯ ಗಟ್ಟಿಯಾಗಿದೆ ಅಂತ. ಅಪಾಯ ಎಷ್ಟು ದೊಡ್ಡದು ಎಂಬುದನ್ನು ಆ ಅಂಕಿ ಹೇಳುವುದಿಲ್ಲ. ಸಿಗರೇಟೂ ಅದೇ ಗುಂಪಿನಲ್ಲಿದೆ, ಸಂಸ್ಕರಿಸಿದ ಮಾಂಸವೂ ಇದೆ. ಅಪಾಯ ನಿಂತಿರುವುದು ಎಷ್ಟು ಜಗಿಯುತ್ತಾರೆ, ಎಷ್ಟು ವರ್ಷದಿಂದ, ತಂಬಾಕು ಇದೆಯಾ ಎಂಬುದರ ಮೇಲೆ. ಅಡಿಕೆ ಜಗಿಯುವವರಲ್ಲಿ ಕೆನ್ನೆಯ ಒಳಭಾಗ ಗಡುಸಾಗಿ ಬಾಯಿ ಪೂರ್ತಿ ತೆರೆಯಲು ಆಗದ ಕಾಯಿಲೆಯೂ ಬರುತ್ತದೆ, ಅದನ್ನೂ ಹೇಳಿ. ತೋಟ ಮಾಡುವುದಕ್ಕೂ ಸುಲಿಯುವುದಕ್ಕೂ ಆ ವರದಿಗೂ ಸಂಬಂಧವಿಲ್ಲ, ಮಾತಿರುವುದು ಜಗಿಯುವುದರ ಬಗ್ಗೆ.

'ಹಾಗಾದರೆ ಅಡಿಕೆ ನಿಲ್ಲಿಸಬೇಕಾ?' ಅಂದರೆ, ಅದು ದರ, ಸರ್ಕಾರ, ಬದಲಿ ಬೆಳೆ ಎಲ್ಲ ಸೇರಿದ ಪ್ರಶ್ನೆ, ಲ್ಯಾಬಿನಲ್ಲಿ ತೀರ್ಮಾನವಾಗುವಂಥದ್ದಲ್ಲ ಅಂತ ನೇರವಾಗಿ ಹೇಳಿ. ವಿಜ್ಞಾನದ ಮಾತು ಎಲ್ಲಿ ಮುಗಿಯಿತು, ನಿಮ್ಮ ಸ್ವಂತ ಅಭಿಪ್ರಾಯ ಎಲ್ಲಿ ಶುರುವಾಯಿತು ಎಂಬುದು ಕೇಳುವವರಿಗೆ ಗೊತ್ತಾಗಬೇಕು. ಕೆಲವರು ಮುನಿಸಿಕೊಂಡು ಎದ್ದು ಹೋಗಬಹುದು. ಹೋಗಲಿ.

ಹಂತ 9: ಹೊರಡುವ ಮುಂಚೆ

'ಅರ್ಥ ಆಯ್ತಾ?' ಅಂತ ಕೇಳಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ. 'ಅಕ್ಕಾ, ಇವತ್ತು ಬರದ ನಿಮ್ಮ ಸೊಸೆಗೆ ಏನು ಹೇಳ್ತೀರಿ?' ಅಂತ ಕೇಳಿ. ಅವರ ಬಾಯಲ್ಲಿ ಎಣ್ಣೆ ಬಂದು ಸ್ನಾನ ಬಿಟ್ಟುಹೋದರೆ, ಬಿಟ್ಟದ್ದನ್ನು ಇನ್ನೊಮ್ಮೆ ಹೇಳಿ. ಹಂತ 1ರ ಹಾಳೆಯನ್ನು ದಪ್ಪ ಅಕ್ಷರದಲ್ಲಿ ಬರೆದು, ಆಶಾ ಕಾರ್ಯಕರ್ತೆಯನ್ನು ಕೇಳಿ ಅವರ ನಂಬರ್ ಸೇರಿಸಿ, ಹಾಲಿನ ಡೈರಿಯ ಗೋಡೆಗೆ ಅಂಟಿಸಿ. ಮೇ ಕಳೆದು ಮಳೆ ಹಿಡಿದ ಮೇಲೆ ಕಿತ್ತುಬಿಡಿ, ಡಿಸೆಂಬರಿಗೆ ಹೊಸದು ಹಾಕಿದರಾಯಿತು.