ರಾತ್ರಿ ನಾಲ್ಕು ಸಲ ಏಳುತ್ತೀರಾ? ಗೊರಕೆಯನ್ನೂ ಒಮ್ಮೆ ವಿಚಾರಿಸಿ

ರಾತ್ರಿ ಮೂರ್ನಾಲ್ಕು ಸಲ ಮೂತ್ರಕ್ಕೆ ಏಳಬೇಕು. ಬೆಳಗ್ಗೆ ತಲೆ ಭಾರ, ಮಧ್ಯಾಹ್ನ ಕೂತಲ್ಲೇ ತೂಕಡಿಕೆ. ಡಯಾಬಿಟಿಸ್‌ನಿಂದ ಕಿಡ್ನಿಗೂ ಪೆಟ್ಟು ಬಿದ್ದಿರುವವರು ‘ಶುಗರ್ ಇದೆ, ಕಿಡ್ನಿ ಬೇರೆ ವೀಕು, ಇನ್ನೇನಾಗುತ್ತೆ’ ಅಂತ ಸುಮ್ನಿದ್ದುಬಿಡುತ್ತಾರೆ. ಕಾರಣ ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ಆಗಾಗ ನಿಲ್ಲುವ ತೊಂದರೆ ಕೂಡ ಆಗಿರಬಹುದು.

ನಿದ್ದೆಯಲ್ಲಿ ಗಂಟಲಿನ ದಾರಿ ಕುಸಿದು ಉಸಿರು 10 ಸೆಕೆಂಡೋ ಅದಕ್ಕಿಂತ ಜಾಸ್ತಿಯೋ ನಿಲ್ಲುತ್ತದೆ. ಮುಚ್ಚಿದ ದಾರಿಯಲ್ಲಿ ಗಾಳಿ ಎಳೆಯಲು ಹೆಣಗುವಾಗ ಹೃದಯದ ಗೋಡೆ ಹಿಗ್ಗುತ್ತದೆ. ಮೈಯಲ್ಲಿ ನೀರು ಹೆಚ್ಚಾಯಿತೆಂದು ತಪ್ಪು ತಿಳಿದ ಹೃದಯ, ಮೂತ್ರ ಹೆಚ್ಚಿಸುವ ಹಾರ್ಮೋನನ್ನು ಬಿಡುತ್ತದೆ. ಆಮ್ಲಜನಕ ಇಳಿದಾಗಲೆಲ್ಲ ಬಿಪಿ ಏರುತ್ತದೆ. ಆ ಏಟು ಕಿಡ್ನಿಗೂ ತಾಗುತ್ತದೆ.

ಮೊದಲ ಹೆಜ್ಜೆ, ಸಾಕ್ಷಿ. ಪಕ್ಕದಲ್ಲಿ ಮಲಗುವವರನ್ನು ಕೇಳಿ. ಗೊರಕೆ ಥಟ್ಟನೆ ನಿಂತು, ಕೊಂಚ ಹೊತ್ತು ಸದ್ದೇ ಇಲ್ಲದೆ, ಆಮೇಲೆ ಏದುಸಿರಿನೊಂದಿಗೆ ಶುರುವಾಗುತ್ತಾ? ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ತೆಳ್ಳಗಿದ್ದೇನೆ, ನನಗೆಲ್ಲಿ ಬರುತ್ತೆ ಅನ್ನಬೇಡಿ. ಕಿಡ್ನಿ ಕಾಯಿಲೆಯಲ್ಲಿ ದಪ್ಪ ಇಲ್ಲದವರಿಗೂ ಬರುತ್ತದೆ.

ಎರಡನೆಯದು ನಿದ್ದೆಯ ಪರೀಕ್ಷೆ. ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ಕುಗ್ಗಿತು ಎಂದು ಎಣಿಸುತ್ತಾರೆ. 5ರಿಂದ 15 ಅಲ್ಪ, 30ರವರೆಗೆ ಮಧ್ಯಮ, ಅದರ ಮೇಲೆ ತೀವ್ರ. ಕೆಲವರಲ್ಲಿ ಗಂಟಲು ತೆರೆದೇ ಇರುತ್ತದೆ, ಮಿದುಳೇ ಉಸಿರಾಡುವ ಸೂಚನೆ ಕೊಡುವುದಿಲ್ಲ. ಅದರ ಚಿಕಿತ್ಸೆ ಬೇರೆ. ಹೃದಯದ ತೊಂದರೆ ಇರುವವರಲ್ಲಿ ಇಂಥದ್ದು ಹೆಚ್ಚು, ಹಾಗಾಗಿ ಅವರಿಗೆ ಮನೆಯಲ್ಲೇ ಮಾಡುವ ಪರೀಕ್ಷೆಗಿಂತ ಲ್ಯಾಬಿನದೇ ಮೇಲು.

ಇನ್ನು ಕಾಲಿನ ಊತ. ಸಂಜೆ ಕಾಲುಚೀಲ ಬಿಚ್ಚಿದಾಗ ಮಂಡಿಯ ಕೆಳಗೆ ಆಳವಾದ ಗೆರೆ ಉಳಿದಿದೆಯೇ ನೋಡಿ. ಹಗಲೆಲ್ಲ ಕಾಲಿಗಿಳಿದ ನೀರು, ಮಲಗಿದ ಮೇಲೆ ಕುತ್ತಿಗೆಯತ್ತ ಸರಿದು ಗಂಟಲನ್ನು ಇನ್ನಷ್ಟು ಇಕ್ಕಟ್ಟು ಮಾಡುತ್ತದೆ. ಉಪ್ಪು ದಿನಕ್ಕೆ 5 ಗ್ರಾಂ ಒಳಗಿರಲಿ, ಅಂದರೆ ಎಲ್ಲ ಸೇರಿ ಒಂದು ಟೀ ಚಮಚ. ‘ಲೋ ಸೋಡಿಯಂ’ ಉಪ್ಪಿಗೆ ಹೋಗಬೇಡಿ. ಅದರಲ್ಲಿರುವ ಪೊಟ್ಯಾಸಿಯಂ ಕಿಡ್ನಿ ಸೋತವರಿಗೆ ಅಪಾಯ. ನೀರು ಇಳಿಸುವ ಮಾತ್ರೆಯ ಹೊತ್ತು ಬದಲಿಸುವುದಿದ್ದರೆ ಡಾಕ್ಟರೇ ಹೇಳಲಿ. ಮಗ್ಗುಲಾಗಿ ಮಲಗಿ.

ಮುಖ್ಯ ಚಿಕಿತ್ಸೆ ಸಿಪ್ಯಾಪ್. ಮಾಸ್ಕಿನ ಮೂಲಕ ಗಾಳಿಯ ಒತ್ತಡ ಕೊಟ್ಟು ಗಂಟಲು ಮುಚ್ಚದಂತೆ ನೋಡಿಕೊಳ್ಳುವ ಯಂತ್ರ. ಹಲವರು ಒಗ್ಗದೆ ಸೋಲುವುದು ಶುರುವಿನಲ್ಲೇ. ಆದ್ದರಿಂದ ಮೊದಲ ದಿನವೇ ಹಾಕಿಕೊಂಡು ಮಲಗಬೇಡಿ. ಸಂಜೆ ಟಿವಿ ನೋಡುತ್ತಾ ಅರ್ಧ ಗಂಟೆ ಹಾಕಿಕೊಂಡು ಕೂತಿರಿ. ಗಾಳಿ ಸೋರಿದರೆ ಪಟ್ಟಿ ಬಿಗಿಯುತ್ತಾ ಹೋಗಬೇಡಿ, ಮಾಸ್ಕಿನ ಸೈಜು ಬದಲಿಸಿಕೊಡಲು ಕೇಳಿ. ಮೂಗು ಒಣಗಿದರೆ ಗಾಳಿಗೆ ತೇವ ಸೇರಿಸುವ ಹ್ಯುಮಿಡಿಫೈಯರ್ ಇದೆ, ಅದಕ್ಕೆ ಡಿಸ್ಟಿಲ್ಡ್ ನೀರೇ ಹಾಕಿ. ರಾತ್ರಿಗೆ 4 ಗಂಟೆ ಕನಿಷ್ಠ ಗುರಿ, ಇಡೀ ರಾತ್ರಿಯಾದರೆ ಒಳ್ಳೆಯದು. ಸಿಪ್ಯಾಪ್ ಒಂದೇ ಕಿಡ್ನಿ ಉಳಿಸುತ್ತದೆ ಅಂತ ಮಾತ್ರ ಭಾವಿಸಬೇಡಿ, ಅದಕ್ಕೆ ಗಟ್ಟಿ ಪುರಾವೆ ಇಲ್ಲ. ಬಿಪಿ, ಶುಗರ್ ಮಾತ್ರೆಗಳು ಹಾಗೇ ನಡೆಯಬೇಕು.

ತೂಕ ಇಳಿಸಿದರೂ ಗುಣ ಕಾಣುತ್ತದೆ. ಆದರೆ ಕಿಡ್ನಿ ಡಾಕ್ಟರನ್ನು ಕೇಳದೆ ಪ್ರೋಟೀನ್ ಪುಡಿ ಶುರುಮಾಡಬೇಡಿ. ನಿದ್ದೆ ಬರಲೆಂದು ಮಾತ್ರೆ ನುಂಗುವುದಂತೂ ಬೇಡವೇ ಬೇಡ. ಕಾಲುರಿಗೆ ಕೊಡುವ ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ಸೋತ ಕಿಡ್ನಿಯಲ್ಲಿ ಬೇಗ ಹೊರಹೋಗದೆ ಮೈಯಲ್ಲೇ ಉಳಿದು ಉಸಿರಾಟವನ್ನು ಮಂದ ಮಾಡಬಹುದು. ಅದರ ಡೋಸ್ ಸರಿಯಿದೆಯಾ ಎಂದು ವಿಚಾರಿಸಿ.

ರಾತ್ರಿ ಎಷ್ಟು ಸಲ ಎದ್ದಿರಿ, ಬೆಳಗಿನ ಬಿಪಿ ಎಷ್ಟಿತ್ತು, ಇವೆರಡನ್ನೂ ಬರೆದಿಡಿ. ಮಾಸ್ಕ್ ಒಗ್ಗಿದ ಮೇಲೆ ಬಿಪಿ ಇಳಿದು, ಎದ್ದು ನಿಂತಾಗ ತಲೆ ಸುತ್ತಿದರೆ ಮಾತ್ರೆಯನ್ನು ನೀವೇ ಬಿಡಬೇಡಿ. ಆ ಚೀಟಿ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗಿ.