ಮೈಲುತುತ್ತದ ಚೀಲದಿಂದ ಮೋಲ್ ಲೆಕ್ಕಕ್ಕೆ

ಪಿಯುಸಿ ಮೊದಲ ವರ್ಷದ ರಸಾಯನಶಾಸ್ತ್ರದಲ್ಲಿ ಮಕ್ಕಳು ಹೆದರುವುದು ಮೊದಲನೇ ಪಾಠಕ್ಕೇ. ಡಜನ್ ಇದ್ದ ಹಾಗೆ, ಅಣು, ಪರಮಾಣುಗಳನ್ನು ಎಣಿಸುವ ಅಳತೆ ಮೋಲ್. ಅದರ ಹೆಸರು ಕೇಳಿದ ಕೂಡಲೇ ಮುಖ ಸಣ್ಣದಾಗುತ್ತದೆ. ನಾನು ಪಾಠ ಮಾಡುವುದು ವಿಜಯಪುರ ಜಿಲ್ಲೆಯ ತಿಕೋಟಾ ಕಡೆ. ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿದ ಮಕ್ಕಳ ಕೈಗೆ ಇಲ್ಲಿ ಒಮ್ಮೆಲೇ ಇಂಗ್ಲಿಷ್ ಪುಸ್ತಕ ಬರುತ್ತದೆ. ಗುಣಾಕಾರ, ಭಾಗಾಕಾರ ಅವರಿಗೆ ಬರುತ್ತದೆ. ಯಾವುದನ್ನು ಯಾವುದರಿಂದ ಭಾಗಿಸಬೇಕು, ಯಾಕೆ ಭಾಗಿಸಬೇಕು ಅನ್ನುವುದು ಮಾತ್ರ ಬರುವುದಿಲ್ಲ. ತ್ರಿಕೋನದೊಳಗೆ ಮೂರು ಅಕ್ಷರ ಬರೆದು ಬಾಯಿಪಾಠ ಮಾಡಿಸುವ ಪದ್ಧತಿ ಇದೆಯಲ್ಲ, ಅದು ನನಗೆ ಸೇರುವುದಿಲ್ಲ. ಪ್ರಶ್ನೆ ಸ್ವಲ್ಪ ತಿರುಗಿಸಿ ಕೇಳಿದರೆ ತ್ರಿಕೋನ ಕೆಲಸಕ್ಕೆ ಬರುವುದಿಲ್ಲ.

ಹಾಗಾಗಿ ನಾನು ಬೋರ್ಡೋ ದ್ರಾವಣದಿಂದ ಶುರು ಮಾಡುತ್ತೇನೆ. ಇಲ್ಲಿ ಬಹಳ ಮನೆಗಳಲ್ಲಿ ದ್ರಾಕ್ಷಿ ಇದೆ, ಡೌನಿ ಅನ್ನುವ ಬೂಜು ರೋಗಕ್ಕೆ ಹೊಡೆಯುವ ಈ ಔಷಧಿ ಮಕ್ಕಳಿಗೆ ಗೊತ್ತು. 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಬೇಕು, ಕಬ್ಬಿಣದ ಬಕೆಟ್ ಮುಟ್ಟಬಾರದು. ಬೆರೆಸಿದ ಮೇಲೆ ಕುಡುಗೋಲಿನ ತುದಿ ಅದ್ದಿ ನೋಡಬೇಕು. ತುದಿ ಕೆಂಪಗಾದರೆ ಇನ್ನಷ್ಟು ಸುಣ್ಣ ಹಾಕಬೇಕು. ಇದನ್ನು ಅಪ್ಪ, ಕಾಕಾ ಮಾಡುವುದನ್ನು ನೋಡಿದ್ದಾರೆ. ಯಾಕೆ ಅಂತ ಯಾರೂ ಕೇಳಿರುವುದಿಲ್ಲ.

ಹಲಗೆಯ ಮೇಲೆ ಮೈಲುತುತ್ತವನ್ನು ಬಿಡಿಸಿ ಬರೆಯುತ್ತೇನೆ. ತಾಮ್ರ ಒಂದು, ಗಂಧಕ ಒಂದು, ಆಮ್ಲಜನಕ ನಾಲ್ಕು, ಜೊತೆಗೆ ಐದು ನೀರಿನ ಅಣು. ಇವುಗಳ ಪರಮಾಣು ತೂಕ ಕೂಡಿಸಿದರೆ 63.5 + 32 + 64 + 90. ಒಟ್ಟು 249.5. ಅಂದರೆ 249.5 ಗ್ರಾಂ ತೂಗಿದರೆ ಒಂದು ಮೋಲ್. ಒಂದು ಕೆಜಿಯಲ್ಲಿ ಎಷ್ಟು? 1000 ಭಾಗಿಸು 249.5, ಹತ್ತಿರ ಹತ್ತಿರ 4. ಇಷ್ಟು ಸಲೀಸಾಗಿ ಪೂರ್ಣ ಸಂಖ್ಯೆ ಬರುವ ಉದಾಹರಣೆ ಪುಸ್ತಕದಲ್ಲೂ ಸಿಗುವುದು ಕಡಿಮೆ.

ಈಗ ಸುಣ್ಣ. ಒಂದು ಮೋಲ್ ಮೈಲುತುತ್ತಕ್ಕೆ ಒಂದು ಮೋಲ್ ಅರಳಿದ ಸುಣ್ಣ ಸಾಕು ಅಂತ ಸಮೀಕರಣ ಹೇಳುತ್ತದೆ. ಅರಳಿದ ಸುಣ್ಣ 74 ಗ್ರಾಂಗೆ ಒಂದು ಮೋಲ್. ನಾಲ್ಕು ಮೋಲ್ ಅಂದರೆ 296 ಗ್ರಾಂ. ಸುಟ್ಟ ಸುಣ್ಣ ತಂದು ಮನೆಯಲ್ಲೇ ಅರಳಿಸುವುದಾದರೆ 56 ಗುಣಿಸು 4, ಬರೀ 224 ಗ್ರಾಂ. ಇಲ್ಲಿಗೆ ಬಂದಾಗ ಹಿಂದಿನ ಬೆಂಚಿನಿಂದ ದನಿ ಬಂದೇ ಬರುತ್ತದೆ.

“ಹಂಗಾರ ನಮ್ಮಪ್ಪಾರು ಒಂದ್ ಕೆಜಿ ಸುಣ್ಣ ಸುಮ್ನ ದಂಡ ಮಾಡಾಕತ್ತಾರೇನ್ರೀ ಸರ್?”

ಈ ಪ್ರಶ್ನೆಗಾಗಿಯೇ ನಾನು ಕಾಯುತ್ತಿರುತ್ತೇನೆ. ದಂಡ ಅಲ್ಲ. ಅಂಗಡಿಯ ಸುಣ್ಣ ಪೂರ್ತಿ ಶುದ್ಧ ಇರುವುದಿಲ್ಲ. ಚೀಲ ಬಿಚ್ಚಿಟ್ಟರೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಮತ್ತೆ ಸುಣ್ಣದ ಕಲ್ಲಿನ ಪುಡಿಯೇ ಆಗುತ್ತದೆ. ಉಳಿದದ್ದೂ ನೀರಿನಲ್ಲಿ ಪೂರ್ತಿ ಕರಗುವುದಿಲ್ಲ. ಇನ್ನು ತಾಮ್ರ ಬಿಡಿಯಾಗಿ ಉಳಿದರೆ ಎಲೆ ಸುಡುತ್ತದೆ. ಹೆಚ್ಚಿನ ಸುಣ್ಣದಿಂದ ಅಷ್ಟು ಕೆಡುಕಿಲ್ಲ. ಸಮೀಕರಣ ಹೇಳುವುದು ಕನಿಷ್ಠ ಎಷ್ಟು ಬೇಕು ಅಂತ. ತೋಟಕ್ಕೆ ಎಷ್ಟು ಬೇಕು ಅನ್ನುವುದನ್ನು ಕುಡುಗೋಲು ಹೇಳುತ್ತದೆ. ಮಿತಿಗೊಳಿಸುವ ಪ್ರತಿವರ್ತಕ, ಅಂದರೆ ಮೊದಲು ಮುಗಿದುಹೋಗುವ ಪದಾರ್ಥ, ಅಂತ ಪುಸ್ತಕದಲ್ಲಿ ಇರುವುದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ.

ಈ ಔಷಧಿ ಹುಟ್ಟಿದ್ದು ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ. ದಾರಿಯಲ್ಲಿ ಹೋಗುವವರು ಹಣ್ಣು ಕಿತ್ತು ತಿನ್ನದಿರಲಿ ಅಂತ ರಸ್ತೆಬದಿಯ ಬಳ್ಳಿಗೆ ರೈತರು ಮೈಲುತುತ್ತ, ಸುಣ್ಣ ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ರೋಗ ಬಂದಿಲ್ಲ ಅನ್ನುವುದನ್ನು ಮಿಲಾರ್ಡೆ ಅನ್ನುವ ವಿಜ್ಞಾನಿ ಗಮನಿಸಿ, 1885ರಲ್ಲಿ ಪ್ರಕಟಿಸಿದ. ಈ ಕಥೆ ಹೇಳಿದ ದಿನ ಕ್ಲಾಸು ಬಹಳ ಖುಷಿಯಲ್ಲಿರುತ್ತದೆ.

ಪರಮಾಣು ರಚನೆಗೆ ಮೊಳೆ ಸಾಕು. ಗಾಜಿನ ಲೋಟದಲ್ಲಿ ಮೈಲುತುತ್ತದ ನೀರು, ಅದರೊಳಗೆ ಮರಳು ಕಾಗದದಿಂದ ಉಜ್ಜಿದ ಮೊಳೆ. ಸ್ವಲ್ಪ ಹೊತ್ತಿಗೆ ನೀರಲ್ಲಿ ಮುಳುಗಿದಷ್ಟು ಭಾಗಕ್ಕೆ ಕಂದುಗೆಂಪು ಬಣ್ಣ ಹತ್ತುತ್ತದೆ. ಬೆರಳಿಂದ ತಿಕ್ಕಿದರೆ ಪುಡಿಯಾಗಿ ಉದುರುತ್ತದೆ. (ಕೈ ತೊಳೆಯದೆ ಯಾರೂ ಬುತ್ತಿ ಬಿಚ್ಚುವ ಹಾಗಿಲ್ಲ, ಮೈಲುತುತ್ತ ವಿಷ.) “ಕಬ್ಬಿಣ ಹೋಗಿ ತಾಮ್ರ ಆತ್ರೀ” ಅಂತ ಪ್ರತಿ ವರ್ಷ ಯಾರಾದರೂ ಹೇಳುತ್ತಾರೆ. ಆಗ ಪ್ರೋಟಾನ್ ಎಣಿಸಲು ಹಚ್ಚುತ್ತೇನೆ. ಕಬ್ಬಿಣಕ್ಕೆ 26, ತಾಮ್ರಕ್ಕೆ 29. ಲೋಟದಲ್ಲಿ ಈ ಸಂಖ್ಯೆ ಬದಲಾಗುವುದೇ ಇಲ್ಲ. ಬದಲಾಗುವುದು ಎಲೆಕ್ಟ್ರಾನ್. ನೀರಿನಲ್ಲಿರುವ ತಾಮ್ರಕ್ಕೆ 27 ಎಲೆಕ್ಟ್ರಾನ್ ಮಾತ್ರ, ಎರಡು ಕಡಿಮೆ. ಮೊಳೆಯ ಕಬ್ಬಿಣ ಆ ಎರಡನ್ನು ಕೊಟ್ಟು ತಾನು ನೀರಿಗೆ ಇಳಿಯುತ್ತದೆ, ತಾಮ್ರ ಮೊಳೆಯ ಮೇಲೆ ಕೂರುತ್ತದೆ. ಕಬ್ಬಿಣದ ಬಕೆಟ್ ಯಾಕೆ ಬೇಡ ಅನ್ನುವುದನ್ನು ಆಮೇಲೆ ಅವರೇ ಹೇಳುತ್ತಾರೆ.

ಮೊಳೆಯ ತೂಕ ಹೆಚ್ಚಾಗುತ್ತದೋ, ಕಡಿಮೆಯಾಗುತ್ತದೋ ಅಂತ ಕೈ ಎತ್ತಿಸುತ್ತೇನೆ. ಕಡಿಮೆ ಅನ್ನುವವರೇ ಜಾಸ್ತಿ. 56 ಗ್ರಾಂ ಕಬ್ಬಿಣ ಇಳಿದರೆ 63.5 ಗ್ರಾಂ ತಾಮ್ರ ಹತ್ತುತ್ತದೆ, ಅಂದ ಮೇಲೆ ತೂಕ ಹೆಚ್ಚಬೇಕು. ಇದನ್ನು ಕಾಟಾದಲ್ಲಿ ತೋರಿಸಲು ಹೋಗಬೇಡಿ, ಪುಡಿ ಉದುರಿ ಲೆಕ್ಕ ಕೆಡುತ್ತದೆ. ಕಾಗದದ ಮೇಲೆ ಸಾಕು.

ಕಾಟಾ ಬೇಕಾಗುವುದು ಹುರಿಯುವ ಪ್ರಯೋಗಕ್ಕೆ. 10 ಗ್ರಾಂ ಮೈಲುತುತ್ತದ ನೀಲಿ ಹರಳು ಪಿಂಗಾಣಿ ಬಟ್ಟಲಲ್ಲಿಟ್ಟು ಸಣ್ಣ ಉರಿಯಲ್ಲಿ ಕಾಯಿಸಿದರೆ ಬಿಳಿ ಪುಡಿ ಉಳಿಯುತ್ತದೆ. 249.5ರಲ್ಲಿ 90 ನೀರು, ಹಾಗಾಗಿ ಉಳಿಯಬೇಕಾದ್ದು 6.4 ಗ್ರಾಂ. ಬಹಳ ಮಕ್ಕಳ ಬಟ್ಟಲು 7ರ ಆಸುಪಾಸು ನಿಲ್ಲುತ್ತದೆ. ಐದರಲ್ಲಿ ನಾಲ್ಕು ನೀರಿನ ಅಣು ಬೇಗ ಬಿಡುತ್ತವೆ, ಐದನೆಯದಕ್ಕೆ 200 ಡಿಗ್ರಿ ದಾಟಿದ ಕಾವು ಬೇಕು. ನಾಲ್ಕೇ ಹೋದರೆ ಎಷ್ಟು ಉಳಿಯಬೇಕು ಅಂತ ಲೆಕ್ಕ ಹಾಕಿಸಿದರೆ 7.1 ಬರುತ್ತದೆ. ಕಾಟಾದ ಅಂಕಿಗೂ ತಮ್ಮ ನೋಟ್‌ಬುಕ್ಕಿನ ಅಂಕಿಗೂ ಹೊಂದಿಕೆ ಬಂದಾಗ ಅವರ ಮುಖ ನೋಡಬೇಕು.

ಅವೊಗಾಡ್ರೊ ಸಂಖ್ಯೆಯನ್ನು, ಅಂದರೆ ಒಂದು ಮೋಲ್‌ನಲ್ಲಿ ಎಷ್ಟು ಕಣ ಅನ್ನುವುದನ್ನು, ನಾನು ಕೊನೆಗೆ ಹೇಳುತ್ತೇನೆ. 100 ಒಣದ್ರಾಕ್ಷಿ ತೂಗಿಸಿ. ಒಂದೊಂದೂ ಅರ್ಧ ಗ್ರಾಂ ಅಂತ ಹಿಡಿದರೆ 15 ಕೆಜಿ ಬಾಕ್ಸಿನಲ್ಲಿ 30,000 ಇರಬೇಕು. ಯಾರೂ ಎಣಿಸಲಿಲ್ಲ, ತೂಗಿ ತಿಳಿದರು. 6.022 × 10²³ ಕೂಡ ಇಷ್ಟೇ. ಸಂಖ್ಯೆ ದೊಡ್ಡದು, ಉಪಾಯ ಅದೇ.

ತಾಮ್ರಕ್ಕೆ 63.5 ಅನ್ನುವ ಅರ್ಧ ಎಲ್ಲಿಂದ ಬಂತು ಅಂತ ಕೇಳುವವರೂ ಇದ್ದಾರೆ. ತಾಮ್ರದಲ್ಲಿ 63, 65 ಅಂತ ಎರಡು ಐಸೋಟೋಪ್ (ಪ್ರೋಟಾನ್ ಅಷ್ಟೇ, ತೂಕ ಬೇರೆ), ನೂರಕ್ಕೆ 69 ಮತ್ತು 31ರ ಲೆಕ್ಕದಲ್ಲಿ. ಸರಾಸರಿ ಹಾಕಿದರೆ 63.6, ಹತ್ತಿರ ಹತ್ತಿರ ಅದೇ ಉತ್ತರ ಸಿಗುತ್ತದೆ.

ಮೋಲಾರಿಟಿಗೂ, ಅಂದರೆ ಒಂದು ಲೀಟರಿನಲ್ಲಿ ಎಷ್ಟು ಮೋಲ್ ಅನ್ನುವ ಲೆಕ್ಕಕ್ಕೂ, ಅದೇ ಡ್ರಮ್ಮು. 1 ಕೆಜಿ ಮೈಲುತುತ್ತ ಕರಗಿಸಿ 50 ಲೀಟರ್ ಮಾಡಿದ್ದೀರಿ, ಸುಣ್ಣ ಇನ್ನೂ ಸೇರಿಸಿಲ್ಲ, ಎಷ್ಟು ಮೋಲಾರ್? 4 ಭಾಗಿಸು 50, ಅಂದರೆ 0.08. ಸುಣ್ಣದ ನೀರು ಸೇರಿ 100 ಲೀಟರ್ ಆದ ಮೇಲೆ 0.04 ಅಂತ ಬರೆದವರಿಗೆ ಅಂಕ ಇಲ್ಲ, ಯಾಕೆಂದರೆ ಅಷ್ಟೊತ್ತಿಗೆ ತಾಮ್ರ ನೀರಿನಲ್ಲಿ ಕರಗಿ ಉಳಿದಿರುವುದಿಲ್ಲ.