ಕೇಸ್ ಶೀಟಿನಲ್ಲಿ ಬರೆಯದ ಪುಡಿ

ನೈಟ್ ಡ್ಯೂಟಿ ಮುಗಿಸಿ ಬೆಳಿಗ್ಗೆ 9ಕ್ಕೆ ಮನೆ ಸೇರಿದರೆ ಕಣ್ಣು ಉರಿಯುತ್ತಿತ್ತು, ನಿದ್ದೆ ಮಾತ್ರ ಹತ್ತುತ್ತಿರಲಿಲ್ಲ. ಹೊಟ್ಟೆ ಸದಾ ಉಬ್ಬರ, ಮೂರು ದಿನಕ್ಕೊಮ್ಮೆ ಹೊರಗೆ ಹೋದರೆ ಹೆಚ್ಚು. ನಾನು 11 ವರ್ಷದಿಂದ ನರ್ಸ್. ಥೈರಾಯ್ಡ್ ಕಡಿಮೆ ಇರುವುದರಿಂದ ಥೈರಾಕ್ಸಿನ್ ಮಾತ್ರೆ ನುಂಗುತ್ತೇನೆ. ಮುಂದಿನ ಎಡವಟ್ಟಿಗೆಲ್ಲ ಈ ಮಾತ್ರೆಯದೇ ನಂಟು.

ಮೊದಲು ಇಸಬ್ಗೋಲ್ ಶುರು ಮಾಡಿದೆ. ಹೊಟ್ಟೆ ಸಡಿಲವಾಯಿತು. ಆದರೆ ಮರೆತೀತೆಂದು ಮಾತ್ರೆಯ ಜೊತೆಗೇ ಅದನ್ನೂ ಕುಡಿಯುತ್ತಿದ್ದೆ. ನೀರು ಹೀರಿ ಲೋಳೆಯಾಗುವ ಆ ಸಿಪ್ಪೆ ಮಾತ್ರೆಯನ್ನು ಕರುಳು ಪೂರ್ತಿ ಹೀರಿಕೊಳ್ಳಲು ಬಿಡದಿರಬಹುದು. ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ ಏರಿತು (ಥೈರಾಯ್ಡ್ ಹಾರ್ಮೋನ್ ಸಾಲದಾದಾಗ ಏರುವ ಅಂಶ ಇದು), ಡಾಕ್ಟರ್ ಮಾತ್ರೆಯನ್ನು 50 ಮೈಕ್ರೋಗ್ರಾಂನಿಂದ 75ಕ್ಕೆ ಹೆಚ್ಚಿಸಿದರು. 'ಬೇರೆ ಏನಾದರೂ ತಗೊಳ್ತೀರಾ ಸಿಸ್ಟರ್?' ಎಂದು ಕೇಳಿದ್ದರು. ಇಲ್ಲ ಎಂದಿದ್ದೆ. ಇಸಬ್ಗೋಲ್ ಔಷಧಿಯೆಂದು ಹೊಳೆದೇ ಇರಲಿಲ್ಲ.

ಆಮೇಲೆ ನಿದ್ದೆಗೆಂದು ಅಶ್ವಗಂಧದ ಕ್ಯಾಪ್ಸೂಲ್ ತರಿಸಿದೆ. ಡಬ್ಬಿಯ ಮೇಲೆ 600 ಮಿಲಿಗ್ರಾಂ ಸಾರ, ಶೇಕಡ 5ರಷ್ಟು ವಿಥನೊಲೈಡ್ (ಅಶ್ವಗಂಧದ ಮುಖ್ಯ ಸತ್ವ) ಎಂದಿತ್ತು. ಒಣಬೇರಿನಲ್ಲಿ ಸಾಮಾನ್ಯವಾಗಿ ಅದು ಶೇಕಡ 1ಕ್ಕಿಂತ ಕಡಿಮೆ. ಬೇರಿನ ಪುಡಿ ಬೇರೆ, ಹಿಂಡಿ ಗಟ್ಟಿ ಮಾಡಿದ ಸಾರ ಬೇರೆ ಎಂಬುದನ್ನು ನಾನು ಆ ಡಬ್ಬಿಯಿಂದ ಕಲಿಯಬೇಕಾಯಿತು. ಎರಡು ವಾರ ಚೆನ್ನಾಗಿ ನಿದ್ದೆ ಬಂತು. ಮೂರನೆಯ ವಾರ ವಾರ್ಡಿನಲ್ಲಿ ಸುಮ್ಮನೆ ಕುಳಿತಿದ್ದಾಗಲೇ ಎದೆ ಡವಡವ, ಕೈ ನಡುಕ; ನನ್ನ ನಾಡಿ ನಾನೇ ಹಿಡಿದರೆ 118. ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು. ಹೆಚ್ಚಿಸಿದ ಮಾತ್ರೆಯ ಮೇಲೆ ಅದೂ ಸೇರಿತ್ತು. ಈ ಸಲ ಡಬ್ಬಿಯನ್ನೇ ಒಯ್ದು ಡಾಕ್ಟರ್ ಮುಂದಿಟ್ಟೆ. ನಿಲ್ಲಿಸಿ ಎಂದರು, ನಿಲ್ಲಿಸಿದೆ.

ರಜೆಗೆ ಶಿರಸಿಯ ಮನೆಗೆ ಹೋದಾಗ ಆಯಿ (ಅಮ್ಮ) ಏನನ್ನೂ ಕೇಳದೆ ಮಧ್ಯಾಹ್ನ ಅಪ್ಪೆಹುಳಿ ಬಡಿಸಿದಳು. ಮಾವಿನಕಾಯಿ ಬೇಯಿಸಿ ಹಿಂಡಿ, ತೆಳ್ಳಗೆ ನೀರು ಬೆರೆಸಿ, ಇಂಗು-ಸಾಸಿವೆ ಒಗ್ಗರಣೆ ಹಾಕಿದ್ದು. ಊಟದ ಕೊನೆಗೆ ಎರಡು ಲೋಟ ಕುಡಿದರೆ ಕಣ್ಣು ಎಳೆಯುತ್ತದೆಂದು ನಮ್ಮ ಕಡೆ ಎಲ್ಲರೂ ಬಲ್ಲರು. ನಾನೂ ಮಲಗಿದೆ, ಎದ್ದಾಗ ದೀಪ ಹಚ್ಚಿಯಾಗಿತ್ತು.

ಈಗ ನನ್ನ ಕ್ರಮ ಹೀಗಿದೆ. ರಾತ್ರಿ 2ಕ್ಕೆ ಕ್ಯಾಂಟೀನಿನ ಪೂರಿ ಬಿಟ್ಟೆ. ಆ ಹೊತ್ತಿಗೆ ಕರುಳೂ ಮಂದವಾಗಿರುತ್ತದೆ, ತಿಂದದ್ದು ಹಾಗೇ ಕೂರುತ್ತದೆ. ಡ್ಯೂಟಿಗೆ ಮುಂಚೆ ಒಂದೆಲಗದ ತಂಬುಳಿ ಕಲಸಿ ಅನ್ನ ಉಣ್ಣುತ್ತೇನೆ. ಜೀರಿಗೆ, ನಾಲ್ಕು ಕಾಳುಮೆಣಸು ತುಪ್ಪದಲ್ಲಿ ಹುರಿದು, ಒಂದು ಹಿಡಿ ಎಲೆ, ಕಾಯಿತುರಿ ಜೊತೆ ರುಬ್ಬಿ ಮಜ್ಜಿಗೆಗೆ ಹಾಕುವುದು, ಕುದಿಸುವುದಿಲ್ಲ. (ಅಂಗಡಿಯ 'ಬ್ರಾಹ್ಮಿ' ಎಷ್ಟೋ ಸಲ ಒಂದೆಲಗವಲ್ಲ, ನೀರುಬ್ರಾಹ್ಮಿ. ಗಿಡವೇ ಬೇರೆ.) ಬೆಳಿಗ್ಗೆ ಮಲಗುವ ಮುಂಚೆ ಒಂದು ಚಮಚ ಇಸಬ್ಗೋಲ್, ಅದಕ್ಕೆ ತುಂಬಿದ ಲೋಟ ನೀರು, ನೀರು ಕಡಿಮೆಯಾದರೆ ಗಂಟಲಲ್ಲೇ ಉಬ್ಬಿ ಕಟ್ಟಿಕೊಳ್ಳುವ ಅಪಾಯವಿದೆ. ಡಾಕ್ಟರನ್ನು ಕೇಳಿಯೇ ಥೈರಾಕ್ಸಿನ್ ಅನ್ನು ಸಂಜೆ ಎದ್ದ ಕೂಡಲೇ, ಖಾಲಿ ಹೊಟ್ಟೆಗೆ ಬದಲಿಸಿಕೊಂಡೆ. ಕಿಟಕಿಗೆ ದಪ್ಪ ಕಪ್ಪು ಪರದೆ. ನಿಜ ಹೇಳಬೇಕೆಂದರೆ ಯಾವ ಸೊಪ್ಪಿಗಿಂತಲೂ ಹೆಚ್ಚು ನಿದ್ದೆ ಕೊಟ್ಟದ್ದು ಈ ಪರದೆ.

ತೀರಾ ಬಾರದಿದ್ದಾಗ ಮಾತ್ರ ಜಾಯಿಕಾಯಿ. ಆಯಿ ಕಲಿಸಿದಂತೆ ಕಲ್ಲಿನ ಮೇಲೆ ಹಾಲು ಹನಿಸಿ ಎರಡೇ ಸುತ್ತು ತೇಯ್ದು ಬಿಸಿ ಹಾಲಿಗೆ ಹಾಕುತ್ತೇನೆ. ಸುತ್ತು ಎಣಿಸುವುದು ಸುಮ್ಮನೆ ಶಾಸ್ತ್ರಕ್ಕಲ್ಲ: ಒಂದು ಇಡೀ ಜಾಯಿಕಾಯಿ 5 ಗ್ರಾಂ ಮೇಲೆಯೇ ತೂಗುತ್ತದೆ, ಅಷ್ಟು ಹೊಟ್ಟೆಗೆ ಹೋದರೆ ಬಾಯಿ ಒಣಗಿ, ಎದೆ ಬಡಿದುಕೊಂಡು, ಭ್ರಮೆಯೂ ಆಗಬಹುದು.

ಮಾತ್ರೆ ಮತ್ತೆ 50ಕ್ಕೆ ಇಳಿಯಿತು, ಆರು ವಾರದ ನಂತರ ಟಿಎಸ್‌ಎಚ್ ಸರಿಬಂತು.

ಅಡ್ಮಿಷನ್ ಹೊತ್ತಿನಲ್ಲಿ ನನ್ನ ಪ್ರಶ್ನೆಯೂ ಬದಲಾಗಿದೆ. 'ಬೇರೆ ಮಾತ್ರೆ ಇದೆಯಾ' ಎಂದಷ್ಟೇ ಕೇಳುವುದಿಲ್ಲ. 'ಪುಡಿ, ಕಷಾಯ, ಲೇಹ, ಬೇರು, ಮನೆಯಲ್ಲಿ ಮಾಡಿದ್ದು?' ಎಂದು ಒಂದೊಂದೇ ಹೆಸರು ಹೇಳುತ್ತೇನೆ. ಮೊನ್ನೆ ಅಜ್ಜಿಯೊಬ್ಬರು ಮೊದಲು ಇಲ್ಲವೆಂದು ತಲೆಯಾಡಿಸಿದರು. ಪುಡಿ ಎಂದ ಕೂಡಲೇ ಸಂಚಿಯಿಂದ ಕಾಗದದ ಪೊಟ್ಟಣ ತೆಗೆದರು. ಅಳಲೆಕಾಯಿ ಪುಡಿ. ಎಷ್ಟು ಚಮಚ, ಯಾವ ಹೊತ್ತಿಗೆ ಎಂದು ಕೇಳಿ ಕೇಸ್ ಶೀಟಿನಲ್ಲಿ ಬರೆದೆ.